25,000 ರೂಪಾಯಿಯೊಳಗೆ ಮನೆಗೊಂದು ಹೋಮ್ ಥಿಯೇಟರ್: ನನ್ನ ಅನುಭವ

ಚಿಕ್ಕಮಗಳೂರಿನ ನಮ್ಮ ಮನೆಗೆ ಹೋಮ್ ಥಿಯೇಟರ್ ಕೊಳ್ಳಲು ನಾನು ತೆಗೆದಿರಿಸಿದ್ದು 25,000 ರೂಪಾಯಿ. ಅದರ ಮೇಲೆ ಕಂತಿನ ರೂಪದಲ್ಲಾಗಲಿ ಸಾಲದ ರೂಪದಲ್ಲಾಗಲಿ ಏನನ್ನೂ ಸೇರಿಸುವುದಿಲ್ಲವೆಂದು ಮೊದಲೇ ತೀರ್ಮಾನಿಸಿದ್ದೆ. ಹಾಲ್ 14 ಅಡಿ ಉದ್ದ, 11 ಅಡಿ ಅಗಲವಿದೆ. ಕೆಂಪು ಗಾರೆಯ ನೆಲ, ಎರಡು ದೊಡ್ಡ ಕಿಟಕಿಗಳು, ತಾರಸಿಯ ಮೇಲೆ ಹೊದಿಸಿದ ತಗಡಿನ ಶೀಟು. ಮಳೆಗಾಲದಲ್ಲಿ ಆ ಶೀಟಿನ ಮೇಲೆ ಮಳೆ ಹೊಡೆಯತೊಡಗಿದರೆ, ಟಿವಿಯ ಸದ್ದನ್ನು ಎಷ್ಟು ಏರಿಸಿದರೂ ಹಿನ್ನೆಲೆ ಸಂಗೀತ ಕಿವಿಗೆ ಬಡಿಯುತ್ತಿತ್ತೇ ಹೊರತು ಸಂಭಾಷಣೆ ತಿಳಿಯುತ್ತಿರಲಿಲ್ಲ. "ಗಲಾಟೆ ಕೇಳುತ್ತೆ ಕಣೋ, ಮಾತು ಕೇಳಲ್ಲ" ಎಂದು ಅಮ್ಮ ಹೇಳುತ್ತಿದ್ದ ಮಾತನ್ನೇ ನಾನು ನನ್ನ ಖರೀದಿಯ ಅಳತೆಗೋಲಾಗಿ ಇಟ್ಟುಕೊಂಡೆ. ಕಿಟಕಿಯ ಗಾಜು ನಡುಗಬೇಕೆಂಬ ಆಸೆ ನನಗೂ ಇತ್ತು, ಆದರೆ ಅದಕ್ಕೆ ಎರಡನೆಯ ಸ್ಥಾನ.

ಐ.ಜಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದಾಗ ಮೊದಲು ಎದುರಾದದ್ದು ವಾಟ್‌ಗಳ ಲೆಕ್ಕ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಸಾವಿರಾರು ವಾಟ್ ಪಿಎಂಪಿಒ ಎಂದು ಬರೆದಿರುತ್ತಾರೆ. ಈ ಅಂಕಿಗೆ ಒಪ್ಪಿತವಾದ ಅಳತೆಯ ಕ್ರಮವೇ ಇಲ್ಲದಿರುವುದರಿಂದ ಅದನ್ನು ಪೂರ್ತಿಯಾಗಿ ಬಿಟ್ಟುಬಿಡಬಹುದು. ನೋಡಬೇಕಾದದ್ದು ಆರ್‌ಎಂಎಸ್ ವಾಟ್, ಎಂದರೆ ಯಂತ್ರ ಸತತವಾಗಿ ಕೊಡಬಲ್ಲ ಶಕ್ತಿ. ಅದರಲ್ಲಿಯೂ ಸಂಶಯ ಬಂದರೆ ನಾನು ಪೆಟ್ಟಿಗೆಯನ್ನು ತಿರುಗಿಸಿ, ಕರೆಂಟ್ ಎಷ್ಟು ಎಳೆಯುತ್ತದೆಂದು ಹಿಂಬದಿಯ ಚೀಟಿಯಲ್ಲಿ ಓದುತ್ತಿದ್ದೆ. ಗೋಡೆಯ ಸಾಕೆಟ್‌ನಿಂದ 60 ವಾಟ್ ಎಳೆಯುವ ಯಂತ್ರ ಕ್ಷಣಮಾತ್ರಕ್ಕೆ ಹೆಚ್ಚು ಕೊಟ್ಟೀತು, ಆದರೆ ಸತತವಾಗಿ 1,000 ವಾಟ್ ಸದ್ದನ್ನು ಕೊಡಲು ಸಾಧ್ಯವೇ ಇಲ್ಲ. ಈ ಚೀಟಿಯನ್ನು ತೋರಿಸಿದಾಗ ಒಬ್ಬ ಅಂಗಡಿಯವರು ನಕ್ಕು, "ಸಾರ್, ಅದನ್ನೆಲ್ಲ ಯಾರೂ ನೋಡಲ್ಲ" ಎಂದರು.

ಮನೆಗೆ ನಿಜವಾಗಿ ಎಷ್ಟು ವಾಟ್ ಬೇಕೆಂಬುದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಸ್ಪೀಕರಿನ ವಿವರದಲ್ಲಿ ಸೆನ್ಸಿಟಿವಿಟಿ ಎಂಬ ಒಂದು ಅಂಕಿ ಇರುತ್ತದೆ. ಅದು 87 ಡೆಸಿಬೆಲ್ ಆಗಿದ್ದರೆ, ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ ಎಂದರ್ಥ. ದೂರ ಇಮ್ಮಡಿಯಾದಾಗಲೆಲ್ಲ ಬಯಲಿನಲ್ಲಿ 6 ಡೆಸಿಬೆಲ್ ಕಡಿಮೆಯಾಗುತ್ತದೆ. ಮೂರು ಮೀಟರ್ ದೂರದ ಸೋಫಾವನ್ನು ತಲುಪುವ ಹೊತ್ತಿಗೆ ಸುಮಾರು 77 ಉಳಿಯುತ್ತದೆ, ಎರಡನೆಯ ಸ್ಪೀಕರ್ ಮತ್ತು ಕೋಣೆಯ ಗೋಡೆಗಳು ಅದಕ್ಕೆ ಒಂದಿಷ್ಟು ಸೇರಿಸುತ್ತವೆ. ಮನೆಮಂದಿ ಕುಳಿತು ನೋಡಲು ಇದು ಸಾಕಷ್ಟು ಜೋರು. ಹೊಡೆದಾಟದ ದೃಶ್ಯಕ್ಕೆ 20 ವಾಟ್ ದೊರೆತರೆ ಇನ್ನೂ 13 ಡೆಸಿಬೆಲ್ ಏರುತ್ತದೆ. ವಾಟ್ ಇಮ್ಮಡಿಯಾದರೆ ಹೆಚ್ಚುವುದು ಕೇವಲ 3 ಡೆಸಿಬೆಲ್ ಆದ್ದರಿಂದ, 50 ವಾಟ್ ಮತ್ತು 100 ವಾಟ್ ನಡುವಿನ ವ್ಯತ್ಯಾಸಕ್ಕೆ ಹಣ ತೆರುವ ಅಗತ್ಯ ನನಗೆ ಕಾಣಲಿಲ್ಲ.

ಹೀಗೆ ಲೆಕ್ಕ ತಿಳಿಯಾದ ಮೇಲೆ ಪ್ರಶ್ನೆ ಉಳಿದದ್ದು ಒಂದೇ: ಇಷ್ಟು ಹಣಕ್ಕೆ ಐದು ಸಣ್ಣ ಸ್ಪೀಕರ್‌ಗಳೋ, ಮೂರು ಒಳ್ಳೆಯ ಸ್ಪೀಕರ್‌ಗಳೋ? ಏಳೆಂಟು ಸಾವಿರಕ್ಕೆ ಸಿಗುವ 5.1 ಸೆಟ್‌ಗಳಲ್ಲಿ ಅಂಗೈಯಗಲದ ಐದು ಪೆಟ್ಟಿಗೆಗಳೂ ತಳದ ದನಿಗೆಂದೇ ಇರುವ ಒಂದು ಸಬ್‌ವೂಫರೂ ಇರುತ್ತವೆ. ಆ ಪುಟ್ಟ ಪೆಟ್ಟಿಗೆಗಳಿಗೆ ಗಂಡಸಿನ ದನಿಯ ತಳವನ್ನು ಹಿಡಿಯುವ ಶಕ್ತಿ ಇರುವುದಿಲ್ಲ, ಸಬ್‌ವೂಫರ್ ಅಷ್ಟು ಮೇಲಕ್ಕೆ ಸ್ವಚ್ಛವಾಗಿ ಬರುವುದಿಲ್ಲ, ಹೀಗಾಗಿ ಮಾತು ಎರಡರ ನಡುವೆ ತೆಳ್ಳಗಾಗುತ್ತದೆ. ಟಿವಿಯ ಕೆಳಗಿಡುವ ಉದ್ದನೆಯ ಒಂದೇ ಪೆಟ್ಟಿಗೆಯಾದ ಸೌಂಡ್‌ಬಾರ್ ಅನ್ನು ಮಾತ್ರ ನಾನು ಹಗುರವಾಗಿ ಕಾಣುವುದಿಲ್ಲ. ಬಾಡಿಗೆ ಮನೆಯಲ್ಲಿರುವವರಿಗೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲದವರಿಗೆ, ಮೂರು ಚಾನೆಲ್ (ಬೇರೆ ಬೇರೆ ಸ್ಪೀಕರಿಗೆ ಹೋಗುವ ಧ್ವನಿಯ ದಾರಿ) ಇರುವ ಒಂದು ಸೌಂಡ್‌ಬಾರ್ ಈಗಲೂ ನನ್ನ ಮೊದಲ ಸಲಹೆ. ನಾನು ಅದನ್ನು ಬಿಟ್ಟದ್ದು, ಅದರಲ್ಲಿ ಒಂದು ಭಾಗ ಕೆಟ್ಟರೆ ಸಾಮಾನ್ಯವಾಗಿ ಇಡೀ ವಸ್ತುವನ್ನೇ ಬದಲಿಸಬೇಕಾಗುತ್ತದೆ ಮತ್ತು ಮುಂದೆ ಹಣ ಬಂದಾಗ ಅದನ್ನು ಬೆಳೆಸಲು ಹೆಚ್ಚು ಅವಕಾಶವಿರುವುದಿಲ್ಲ ಎಂಬ ಕಾರಣಕ್ಕೆ.

ಬಿಡಿಬಿಡಿಯಾಗಿ ಕೊಳ್ಳುವಾಗ ಹೆಚ್ಚು ಹಣ ತಿನ್ನುವುದು ಎವಿ ರಿಸೀವರ್, ಎಂದರೆ ಧ್ವನಿಯನ್ನು ಬಿಡಿಸಿ ಎಲ್ಲ ಸ್ಪೀಕರ್‌ಗಳಿಗೂ ಶಕ್ತಿ ಕೊಟ್ಟು ಹಂಚುವ ಪೆಟ್ಟಿಗೆ; ಉಳಿತಾಯಕ್ಕೆ ದಾರಿ ಇರುವುದೂ ಅಲ್ಲಿಯೇ. ಹೊಸ ರಿಸೀವರುಗಳ ಬೆಲೆ ಏರುವುದಕ್ಕೆ ಒಂದು ದೊಡ್ಡ ಕಾರಣ, ಅವು 4ಕೆ, 8ಕೆ ಚಿತ್ರವನ್ನು ತಮ್ಮ ಮೂಲಕ ಟಿವಿಗೆ ದಾಟಿಸಬೇಕಾಗಿರುವುದು. ಹಳೆಯ ರಿಸೀವರ್ ಮೂಲೆಗುಂಪಾಗುವುದೂ ಸಾಮಾನ್ಯವಾಗಿ ಚಿತ್ರದ ಕಾರಣಕ್ಕೇ. ಅದರ ಧ್ವನಿಗೆ ಏನೂ ಆಗಿರುವುದಿಲ್ಲ. ಆದರೆ ಸ್ಟ್ರೀಮಿಂಗ್ ಸ್ಟಿಕ್, ಡಿಶ್ ಪೆಟ್ಟಿಗೆ ಎಲ್ಲವನ್ನೂ ನೇರವಾಗಿ ಟಿವಿಗೆ ಜೋಡಿಸಿ, ಟಿವಿಯಿಂದ ಧ್ವನಿಯನ್ನು ಮಾತ್ರ ರಿಸೀವರಿಗೆ ಕಳಿಸಿದರೆ ಚಿತ್ರ ಅದರೊಳಗೆ ಹೋಗುವ ಪ್ರಶ್ನೆಯೇ ಬರುವುದಿಲ್ಲ. ಈ ಸೌಲಭ್ಯದ ಹೆಸರು ಎಆರ್‌ಸಿ. ಟಿವಿಗೂ ರಿಸೀವರಿಗೂ ನಡುವಿನ ಎಚ್‌ಡಿಎಂಐ ತಂತಿಯಲ್ಲಿಯೇ ಧ್ವನಿ ಹಿಂದಕ್ಕೆ ಹರಿಯುವ ಇದು 2009ರ ಎಚ್‌ಡಿಎಂಐ 1.4 ಆವೃತ್ತಿಯೊಂದಿಗೆ ಬಂದದ್ದು. ಅದೂ ಇಲ್ಲದ ಇನ್ನಷ್ಟು ಹಳೆಯ ರಿಸೀವರಿನಲ್ಲಿ ಆಪ್ಟಿಕಲ್ ಕಿಂಡಿ ಇದ್ದರೆ ಸಾಕು, ಡಾಲ್ಬಿ ಡಿಜಿಟಲ್ 5.1 ಅದರಲ್ಲಿಯೂ ಹರಿಯುತ್ತದೆ.

ಹಾಸನದಲ್ಲಿ ಪರಿಚಯದವರೊಬ್ಬರು ಟಿವಿ ಬದಲಿಸಿ, ತಮ್ಮ ಹಳೆಯ ಐದು ಚಾನೆಲ್ ರಿಸೀವರನ್ನು 8,500ಕ್ಕೆ ಕೊಡಲು ಸಿದ್ಧರಿದ್ದರು. ಹಣ ಕೊಡುವ ಮೊದಲು ಒಂದೇ ಸ್ಪೀಕರನ್ನು ಐದೂ ಚಾನೆಲ್‌ಗಳಿಗೆ ಬದಲಿಸಿ ಬದಲಿಸಿ ಹಾಕಿ ಕೇಳಿದೆ, ವಾಲ್ಯೂಮ್ ತಿರುಗಿಸುವಾಗ ಕರಕರ ಬರುತ್ತದೆಯೇ ನೋಡಿದೆ, ಅರ್ಧ ಗಂಟೆ ಓಡಿಸಿ ಮೇಲ್ಭಾಗ ಎಷ್ಟು ಬಿಸಿಯಾಗುತ್ತದೆಂದು ಕೈಯಿಟ್ಟೆ. ಗಾಳಿಕಿಂಡಿಗಳೊಳಗೆ ಮೊಬೈಲ್ ಟಾರ್ಚ್ ಬಿಟ್ಟು ಇಣುಕುವುದನ್ನಂತೂ ನಮ್ಮ ಕಡೆಯವರು ಮರೆಯಬಾರದು: ಬೆಚ್ಚಗಿನ ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟುವುದು, ಹಲ್ಲಿ ಸೇರಿಕೊಂಡು ಬೋರ್ಡಿನ ಮೇಲೆ ಸಾಯುವುದು ಇಲ್ಲಿ ಅಪರೂಪವಲ್ಲ. ಸ್ಪೀಕರನ್ನೂ ಹಳೆಯದನ್ನೇ ಕೊಳ್ಳುವುದಾದರೆ ಕೋನ್‌ನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಬೇಕು. ಫೋಮ್ ಅಂಚು ಕಾಲಕ್ರಮೇಣ, ಅದರಲ್ಲೂ ತೇವದ ಹವೆಯಲ್ಲಿ, ಪುಡಿಪುಡಿಯಾಗುತ್ತದೆ. ರಬ್ಬರ್ ಅಂಚು ಬಹುಕಾಲ ಬಾಳುತ್ತದೆ.

ಸ್ಪೀಕರ್‌ಗಳನ್ನು ನಾನು ಹೊಸದಾಗಿಯೇ ತಂದೆ. ಐದು ಇಂಚು ವೂಫರ್ ಇರುವ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರಿಗೆ 9,000, ಅವೆರಡರ ನಡುವೆ ಟಿವಿಯ ಬಳಿ ಇಡುವ ಅದೇ ಸರಣಿಯ ಸೆಂಟರ್ ಸ್ಪೀಕರಿಗೆ 5,500 ಆಯಿತು. ಹಣ ಇಷ್ಟು ಬಿಗಿಯಿರುವಾಗ ಸೆಂಟರ್ ಏಕೆ ಎಂದು ಗೆಳೆಯರು ಕೇಳಿದರು. ಎರಡೇ ಸ್ಪೀಕರ್ ಇದ್ದರೂ ನಡುವೆ ಕುಳಿತವರಿಗೆ ಮಾತು ಪರದೆಯಿಂದಲೇ ಬಂದಂತೆ ಕೇಳಿಸುತ್ತದೆ ನಿಜ. ಪಕ್ಕಕ್ಕೆ ಸರಿದರೆ ಆ ಭ್ರಮೆ ಒಡೆದು ಹತ್ತಿರದ ಸ್ಪೀಕರಿನಿಂದಲೇ ಎಲ್ಲವೂ ಬಂದಂತಾಗುತ್ತದೆ. ಅಮ್ಮ ಕೂರುವುದು ಕಿಟಕಿಯ ಪಕ್ಕದ ದಿವಾನದ ಮೇಲೆ, ಅದು ಒಂದು ಮೂಲೆ. 5.1 ಧ್ವನಿಯಲ್ಲಿ ಸಂಭಾಷಣೆಯ ಬಹುಪಾಲು ಸೆಂಟರ್ ಚಾನೆಲ್‌ನಲ್ಲಿಯೇ ಇರುವುದರಿಂದ, ರಿಸೀವರಿನ ಸೆಟ್ಟಿಂಗ್‌ನಲ್ಲಿ ಅದೊಂದನ್ನೇ 3 ಡೆಸಿಬೆಲ್ ಏರಿಸಿದೆ. ಸಂಗೀತವೂ ಗುಂಡಿನ ಸದ್ದೂ ಇದ್ದಲ್ಲಿಯೇ ಉಳಿದು ಮಾತು ಮುಂದೆ ಬಂತು. ಟಿವಿ ಮೇಜಿನ ಮೇಲಿಟ್ಟ ಸೆಂಟರಿನ ಮುಂಭಾಗಕ್ಕೆ ಒಂದು ಸಣ್ಣ ಮರದ ತುಂಡು ಕೊಟ್ಟು, ಅದರ ಮುಖ ಕೂತವರ ಕಿವಿಯ ಕಡೆಗೆ ತಿರುಗುವಂತೆ ಮಾಡಿದ್ದೂ ಕೆಲಸಕ್ಕೆ ಬಂತು.

ವೈರಿನ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಮನೆ ವೈರಿಂಗ್‌ಗೆ ಬಳಸುವ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಸಾಕು. ಹತ್ತು ಮೀಟರ್ ದೂರಕ್ಕೆ ಹೋಗಿ ಬರುವ ಎರಡೂ ಎಳೆ ಸೇರಿ ಅದರ ರೋಧ ಸುಮಾರು ಕಾಲು ಓಮ್, 8 ಓಮ್ ಸ್ಪೀಕರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ಅಗ್ಗದ ವೈರನ್ನು ಮಾತ್ರ ಬಿಡಬೇಕು, ಅಷ್ಟೆ.

ಎಲ್ಲ ಜೋಡಿಸಿದ ಮೇಲೂ ರಿಸೀವರಿನ ಮುಂಭಾಗದಲ್ಲಿ ಡಾಲ್ಬಿ ಎಂಬ ಅಕ್ಷರ ಬೆಳಗದಿದ್ದರೆ ಟಿವಿಯ ಸೌಂಡ್ ಸೆಟ್ಟಿಂಗ್ ನೋಡಬೇಕು. ಡಿಜಿಟಲ್ ಔಟ್‌ಪುಟ್ ಎಂಬಲ್ಲಿ ಪಿಸಿಎಂ ಎಂದಿದ್ದರೆ ಟಿವಿಯೇ ಎಲ್ಲವನ್ನೂ ಎರಡು ಚಾನೆಲ್‌ಗೆ ಇಳಿಸಿ ಕಳಿಸುತ್ತಿರುತ್ತದೆ. ಅದನ್ನು ಆಟೋ ಅಥವಾ ಪಾಸ್‌ಥ್ರೂಗೆ ಬದಲಿಸಬೇಕು. ಬ್ಲೂಟೂತ್ ಹಾಡಿಗಾದರೆ ಸರಿ, ಸಿನಿಮಾಕ್ಕೆ ಬೇಡ. ಅದರಲ್ಲಿ ತುಟಿ ಅಲುಗಿದ ಮೇಲೆ ಮಾತು ಬರುತ್ತದೆ. ರಾತ್ರಿ ನೋಡುವವರು ರಿಸೀವರಿನ ನೈಟ್ ಮೋಡ್ ಹುಡುಕಿಕೊಳ್ಳಲಿ; ಅದು ಜೋರಾದ ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಎತ್ತುತ್ತದೆ.

ಇನ್ನು ಕೋಣೆ. ನನ್ನ ಅನುಭವದಲ್ಲಿ ಅತಿ ಕಡಿಮೆ ಹಣಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಗಾರೆ ನೆಲ, ಬರಿ ಗೋಡೆ, ಗಾಜು ಇವೆಲ್ಲ ಸದ್ದನ್ನು ಹಿಂದಕ್ಕೆಸೆಯುತ್ತವೆ. ಹಾಲ್‌ನ ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಝಣ್ ಎಂಬ ಬಾಲವೊಂದು ಕೇಳಿಸುತ್ತಿತ್ತು. ಸ್ಪೀಕರಿಗೂ ಸೋಫಾಕ್ಕೂ ನಡುವಿನ ನೆಲಕ್ಕೆ ಅಟ್ಟದಲ್ಲಿದ್ದ ದಪ್ಪ ಜಮಖಾನವನ್ನು ಎರಡು ಪದರ ಮಾಡಿ ಹಾಸಿ, ಕಿಟಕಿಗಳಿಗೆ ನೆರಿಗೆ ಹೆಚ್ಚಿರುವ ದಪ್ಪ ಪರದೆ ಹಾಕಿ, ಪುಸ್ತಕದ ಕಪಾಟನ್ನು ಹಿಂದಿನ ಗೋಡೆಗೆ ತಂದಿಟ್ಟ ಮೇಲೆ ಆ ಬಾಲ ಬಹುಮಟ್ಟಿಗೆ ಹೋಯಿತು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ತೆಳುವಾದ ಆ ರಟ್ಟು ಸದ್ದನ್ನು ಹೀರುವುದು ತೀರ ಅಲ್ಪ, ಧೂಳು ಹಿಡಿಯುವುದು ಧಾರಾಳ.

ಸಬ್‌ವೂಫರನ್ನು ಮುಂದಿನ ವರ್ಷಕ್ಕೆ ಬಿಟ್ಟು, ಆಮೇಲೆ ಹಳೆಯದೊಂದನ್ನು ತಂದೆ. ಅದನ್ನು ಎಲ್ಲಿಡಬೇಕೆಂಬುದನ್ನು ಕೋಣೆಯ ಉದ್ದವೇ ಬಹುಮಟ್ಟಿಗೆ ನಿರ್ಧರಿಸುತ್ತದೆ. 14 ಅಡಿ ಉದ್ದದ ಕೋಣೆಯಲ್ಲಿ ಸುಮಾರು 40 ಹರ್ಟ್ಸ್‌ನ ತಗ್ಗುದನಿ ಎರಡು ತುದಿಯ ಗೋಡೆಗಳ ಬಳಿ ಉಬ್ಬಿ ಸರಿಯಾಗಿ ನಡುವೆ ಬತ್ತಿಹೋಗುತ್ತದೆ. ಆದ್ದರಿಂದ ಸೋಫಾ ನಟ್ಟನಡುವೆಯೂ ಇರಬಾರದು, ಹಿಂದಿನ ಗೋಡೆಗೆ ಅಂಟಿಕೊಂಡೂ ಇರಬಾರದು. ಜಾಗ ಹುಡುಕಲು ಒಂದು ಹಳೆಯ ಉಪಾಯವಿದೆ. ಸಬ್‌ವೂಫರನ್ನು ನಾವು ಕೂರುವ ಸೋಫಾದ ಮೇಲಿಟ್ಟು, ತಳದ ದನಿ ಹೆಚ್ಚಿರುವ ಒಂದು ಹಾಡನ್ನು ಮತ್ತೆ ಮತ್ತೆ ಹಾಕಿ, ಗೋಡೆಯ ಅಂಚಿನಲ್ಲಿ ಮೊಣಕಾಲೂರಿ ಹೋಗುತ್ತ ಎಲ್ಲಿ ದನಿ ಗುಂಯ್‌ಗುಡದೆ ಸಮನಾಗಿ ಕೇಳುತ್ತದೋ ಅಲ್ಲಿ ಅದನ್ನು ಇಡುವುದು. ನಾನು ಅಂಬೆಗಾಲಿಡುವುದನ್ನು ಕಂಡು ಮನೆಯವಳು, "ಏನ್ರೀ, ಏನು ಕಳೆದುಹೋಯ್ತು?" ಎಂದು ಕೇಳಿದಳು. ನಮಗೆ ಸಿಕ್ಕ ಜಾಗ ಟಿವಿಯ ಎಡಕ್ಕೆ, ಮೂಲೆಯಿಂದ ಎರಡೂವರೆ ಅಡಿ ಈಚೆ. ರಿಸೀವರಿನಲ್ಲಿ ಕ್ರಾಸ್ಓವರನ್ನು, ಎಂದರೆ ಯಾವ ದನಿಯಿಂದ ಕೆಳಗಿನದು ಸಬ್‌ವೂಫರಿಗೆ ಹೋಗಬೇಕೆಂಬ ಗಡಿಯನ್ನು, 80 ಹರ್ಟ್ಸ್‌ಗೆ ಇಟ್ಟೆ.

ಹಿಂದಿನ ಎರಡು ಸ್ಪೀಕರ್‌ಗಳು ಕೊನೆಗೆ ಬಂದವು. ಕೂತವರ ಪಕ್ಕಕ್ಕಿಂತ ತುಸು ಹಿಂದೆ, ನೇರ ಮುಂದಿನ ದಿಕ್ಕಿನಿಂದ ಸುಮಾರು 110 ಡಿಗ್ರಿಯಲ್ಲಿ, ಕಿವಿಗಿಂತ ಸ್ವಲ್ಪ ಎತ್ತರದಲ್ಲಿ ಅವನ್ನು ತೂಗುಹಾಕಿದ್ದೇನೆ. ಅವಿಲ್ಲದೆಯೂ ನಡೆಯುತ್ತಿತ್ತು.

ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಗುಡುಗು ಮಿಂಚು ಶುರುವಾದಾಗ ರಿಸೀವರಿನ ಪ್ಲಗ್ ತೆಗೆದರಷ್ಟೇ ಸಾಲದು. ಡಿಶ್‌ನಿಂದ ಬರುವ ಕೇಬಲ್ ಮೂಲಕವೂ ಏರುವೋಲ್ಟೇಜ್ ನುಗ್ಗಿ, ಪೆಟ್ಟಿಗೆಯಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ತಂತಿ ಹಿಡಿದು ರಿಸೀವರಿಗೆ ತಲುಪಿ ಆ ಕಿಂಡಿಯನ್ನೇ ಸುಡಬಲ್ಲದು. ಮೋಡ ಕವಿದ ಕೂಡಲೇ ನಾನು ಮೊದಲು ಡಿಶ್ ಕೇಬಲ್ಲಿನ ತಿರುಪು ಬಿಚ್ಚುತ್ತೇನೆ, ನಂತರ ಪ್ಲಗ್‌ಗಳನ್ನು ಕೀಳುತ್ತೇನೆ.