‘ಸ್ವಲ್ಪ ತಾಳಿ’: ನಾನು ಕಲಿಸುವ ಬಗೆ

ಬೆಂಗಳೂರಿಗೆ ಕೆಲಸಕ್ಕೆಂದು ಬಂದವರಿಗೆ ನಾನು ಮಾತಾಡುವ ಕನ್ನಡ ಕಲಿಸುತ್ತೇನೆ. ‘ವೇಯ್ಟ್ ಮಾಡಿ’ ಅನ್ನೋಕೆ ಕನ್ನಡದಲ್ಲಿ ಏನು ಹೇಳಬೇಕು ಅಂತ ಎಲ್ಲರೂ ಬೇಗನೇ ಕೇಳುತ್ತಾರೆ. ಕೆಲವರು ‘ನಿರೀಕ್ಷಿಸಿ’ ಅಂತ ಬರೆದುಕೊಂಡೇ ಬಂದಿರುತ್ತಾರೆ. ಫೋನಿನ ಪರದೆಯ ಮೇಲೆ ಬರೋದು ಅದೇ ಅಲ್ವಾ? ಆದರೆ ತರಕಾರಿ ಗಾಡಿಯವರಿಗೆ ಯಾರೂ ‘ನಿರೀಕ್ಷಿಸಿ’ ಅನ್ನಲ್ಲ. ನಾನು ಕಲಿಸುವುದು ‘ತಾಳು’. ಹಳ್ಳಿ ಕಡೆಯ ಹಿರಿಯರ ಬಾಯಲ್ಲಿ ಇದು ಇನ್ನೂ ಇದೆ. ನಗರದಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳೇ ಇದನ್ನು ಬಿಟ್ಟಿದ್ದಾರೆ. ಅದಕ್ಕೇ ಹೊಸದಾಗಿ ಕಲಿಯುವವರ ಬಾಯಿಗೆ ಇದನ್ನು ಹಾಕಬೇಕು ಅನ್ನೋ ಹಟ ನನಗೆ.

ಮೊದಲು ‘ಕಾಯು’ ಮತ್ತು ‘ತಾಳು’ ಬೇರೆ ಮಾಡಿ ತೋರಿಸುತ್ತೇನೆ. ‘ಬಸ್ಸಿಗೆ ಕಾಯ್ತಾ ಇದ್ದೀನಿ’ ಸರಿ. ‘ಬಸ್ಸಿಗೆ ತಾಳ್ತಾ ಇದ್ದೀನಿ’ ಅಂತ ಯಾರೂ ಅನ್ನಲ್ಲ. ‘ಬಸ್ ಬರೋವರೆಗೂ ತಾಳು’ ಅನ್ನಬಹುದು. ಕಾಯುವುದು ಯಾರಿಗೋ, ಯಾವುದಕ್ಕೋ. ತಾಳುವುದು ನಮ್ಮೊಳಗಿನ ಆತುರವನ್ನು. ‘ಇರು’, ‘ತಡಿ’ ಕೂಡ ಇದೇ ಜಾಗಕ್ಕೆ ಬರುತ್ತವೆ, ಉತ್ತರ ಕರ್ನಾಟಕದಲ್ಲಿ ‘ತಡೀರಿ’ಯೇ ಜಾಸ್ತಿ. ಅವನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತೇನೆ.

ಆಮೇಲೆ ಒಂದೇ ವಾಕ್ಯದ ಮೇಲೆ ತುಂಬಾ ಹೊತ್ತು ನಿಲ್ಲುತ್ತೇವೆ: ‘ತಾಳು, ಬಂದೆ.’ ಕಲಿಯುವವರಿಗೆ ಇಲ್ಲಿ ಗಲಿಬಿಲಿ. ಇನ್ನೂ ಒಳಗೇ ಇದ್ದಾರೆ, ಬಂದೇ ಇಲ್ಲ, ‘ಬಂದೆ’ ಹೇಗಾಗುತ್ತೆ? ನಮ್ಮಲ್ಲಿ ಹಾಗೇ. ಈಗಲೇ ಮಾಡುವ ಕೆಲಸವನ್ನು ಆಗಲೇ ಮುಗಿದಂತೆ ಹೇಳಿಬಿಡುತ್ತೇವೆ. ‘ತಾಳಿ, ಕೊಟ್ಟೆ.’ ‘ತಾಳಿ, ಆಯ್ತು.’ ತಾಳು ಅಂತ ಹೇಳಿದವರು ತಮ್ಮ ಕಡೆಯಿಂದಲೂ ಒಂದು ಮಾತು ಕೊಡುತ್ತಾರೆ. ನನ್ನ ತರಗತಿಯ ಕಟ್ಟುಪಾಡು ಇದರಿಂದಲೇ ಬಂದದ್ದು: ‘ತಾಳು’ ಒಂದನ್ನೇ ಹೇಳುವ ಹಾಗಿಲ್ಲ. ಜೊತೆಗೆ ‘ಬಂದೆ’ ಥರದ ಮಾತಿರಬೇಕು, ಇಲ್ಲಾ ‘ಎಲ್ಲಿವರೆಗೆ’ ಅನ್ನೋದಿರಬೇಕು.

ಹಾಗಾಗಿ ವಾಕ್ಯಗಳು ಮನೆಯೊಳಗಿಂದಲೇ ಶುರುವಾಗುತ್ತವೆ. ‘ಕುಕ್ಕರ್ ಪ್ರೆಶರ್ ಇಳಿಯೋವರೆಗೂ ತಾಳು, ಮುಚ್ಚಳ ತೆಗೀಬೇಡ.’ ‘ದೋಸೆ ಅಂಚು ಬಿಡೋವರೆಗೂ ತಾಳು, ಆಮೇಲೆ ಮಗುಚು.’ ‘ತಾಳು ಪುಟ್ಟಾ, ಹಾಲು ಆರಲಿ.’ ಬೀದಿಗೆ ಬಂದರೆ, ‘ಸ್ವಲ್ಪ ತಾಳಿ ಅಣ್ಣಾ, ಚಿಲ್ಲರೆ ಇದೆ, ಕೊಟ್ಟೆ.’ ಫೋನಿನಲ್ಲಿ, ‘ತಾಳಿ ಮೇಡಂ, ಪೆನ್ನು ತಗೊಂಡೆ, ಈಗ ಹೇಳಿ.’

‘ಸ್ವಲ್ಪ’ ಮತ್ತು ‘ಅಣ್ಣಾ’ ಸುಮ್ನೆ ಬಂದಿಲ್ಲ. ಕ್ಯೂನಲ್ಲಿ ಹಿಂದೆ ತಿರುಗಿ ‘ತಾಳ್ರೀ!’ ಅಂದರೆ ಅದು ಗದರಿಕೆ. ‘ತಾಳು, ಮಾಡ್ತೀನಿ ನಿಂಗೆ’ ಅಂದರೆ ಬೆದರಿಕೆ. ಅದೇ ಕ್ರಿಯಾಪದ, ದನಿ ಬೇರೆ. ಹಿರಿಯರಿಗೆ, ಗುರುತಿಲ್ಲದವರಿಗೆ ‘ತಾಳಿ’. ಆದರೆ ಕುತ್ತಿಗೆಗೆ ಕಟ್ಟುವುದೂ ತಾಳಿಯೇ. ‘ಸ್ವಲ್ಪ ತಾಳಿ ಬನ್ನಿ’ ಅನ್ನುವಾಗಿನ ‘ತಾಳಿ’ ಇನ್ನೊಂದು, ‘ತಾಳಿಕೊಂಡು’ ಅನ್ನೋ ಅರ್ಥದ್ದು. ಇವನ್ನು ಮಾತಿನ ಸಂದರ್ಭದಿಂದಲೇ ಹಿಡಿಯಬೇಕು. ಕಲಿಯುವವರು ಬೇಗ ಹಿಡಿಯುತ್ತಾರೆ.

ಈ ಮಾತಿಗೆ ನಿಜವಾದ ಜೀವ ಬಂದದ್ದನ್ನು ನಾನು ನೋಡಿದ್ದು ಕೇರಳದಿಂದ ಬಂದ ಒಬ್ಬ ನರ್ಸ್ ಕಲಿಯಲು ಬಂದಾಗ. ಆಕೆ ಗಾಯದ ಡ್ರೆಸ್ಸಿಂಗ್ ಬದಲಿಸುವ ವಾರ್ಡಿನಲ್ಲಿದ್ದರು. ವಯಸ್ಸಾದ ರೋಗಿಗಳಿಗೆ ‘ಅಡ್ಜಸ್ಟ್ ಮಾಡಿ’ ಅನ್ನುತ್ತಿದ್ದರಂತೆ. ನಾವಿಬ್ಬರೂ ಕೂತು ಅವರ ಕೆಲಸವನ್ನೇ ತುಂಡು ತುಂಡು ಮಾಡಿಕೊಂಡೆವು. ಟೇಪ್ ಬಿಡಿಸುವುದು. ಅಂಟಿಕೊಂಡ ಬಟ್ಟೆಯನ್ನು ಸಲೈನ್ ಹಾಕಿ ನೆನೆಸುವುದು. ನಿಧಾನವಾಗಿ ಎತ್ತುವುದು. ಒರೆಸುವುದು. ಒಂದೊಂದಕ್ಕೂ ಒಂದು ವಾಕ್ಯ. ‘ತಾಳಿ ಅಜ್ಜಿ, ಟೇಪ್ ತೆಗೆಯೋವರೆಗೆ.’ ‘ಬಟ್ಟೆ ನೆನೀಲಿ, ತಾಳಿ, ಎಳೆಯಲ್ಲ ನಾನು.’ ‘ಈಗ ಸ್ವಲ್ಪ ಉರಿಯುತ್ತೆ, ತಾಳಿ, ತಾಳಿ... ಆಯ್ತು.’ ಕಾಯುವುದು, ನೋವು ಸಹಿಸುವುದು ಎರಡೂ ಅಲ್ಲಿ ಒಂದೇ ಮಾತಿನಲ್ಲಿ ಸೇರಿದವು. ‘ವೇಯ್ಟ್ ಮಾಡಿ’ಯಲ್ಲಿ ನೋವಿಗೆ ಜಾಗವೇ ಇಲ್ಲ. ಎಷ್ಟು ಹೊತ್ತು, ಯಾವುದರವರೆಗೆ ಅಂತ ಗೊತ್ತಾದರೆ ಅಜ್ಜಿಯರು ಕೈ ಹಿಂದಕ್ಕೆ ಎಳೆದುಕೊಳ್ಳುವುದು ಕಮ್ಮಿ ಅಂತ ಆಕೆ ಆಮೇಲೆ ಹೇಳಿದರು.

ಹೀಗೆ ಒಂದೇ ಮಾತಿನಲ್ಲಿ ಹಲವು ಅರ್ಥ ಕೂಡಿದ್ದು ಹೊಸದಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಹಿಡಿ, ಧರಿಸು, ಸೈರಿಸು ಎಲ್ಲವೂ ಈ ಮಾತಿನ ಜೊತೆಗೇ ಇವೆ. ‘ರೂಪ ತಾಳು’, ‘ನಿಲುವು ತಾಳು’ ಅಂತ ಇಂದಿಗೂ ಬರೆಯುತ್ತೇವಲ್ಲ, ಅದು ಧರಿಸುವ ತಾಳು. ತೆಲುಗಿನವರಿಗೆ ‘ತಾಳು’ ಮೊದಲೇ ಗೊತ್ತು. ತಮಿಳಿನವರು ‘ಪೊರು’ ಅನ್ನುತ್ತಾರೆ, ಅದು ನಮ್ಮ ‘ಹೊರು’ವಿನ ಬಂಧು. ಅವರಿಗೆ ಇಷ್ಟು ಹೇಳಿದರೆ ಸಾಕು, ಮುಖ ಅರಳುತ್ತದೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಸಂಗತಿ. ಪತ್ರಿಕೆ ಓದೋಕೆ ಶುರು ಮಾಡಿದ ಕಲಿಕೆಯವರು ಈ ಕ್ರಿಯಾಪದವನ್ನು ಅಲ್ಲಿ ಗುರುತಿಸುತ್ತಾರೆ. ಯಾವ ರೂಪದಲ್ಲಿ? ‘ಸಾಲಬಾಧೆ ತಾಳಲಾರದೆ.’ ‘ಕಿರುಕುಳ ತಾಳಲಾರದೆ.’ ಮಾತಿನಲ್ಲಿ ‘ತಾಳು’ ಕಡಿಮೆಯಾಗಿದೆ, ಸುದ್ದಿಯಲ್ಲಿ ‘ತಾಳಲಾರದೆ’ ಉಳಿದಿದೆ. ಇದನ್ನು ನಾನು ಮುಚ್ಚಿಡಲ್ಲ. ಸೊಸೆಯಂದಿರಿಗೆ, ಕೂಲಿಯವರಿಗೆ ‘ತಾಳ್ಕೊಂಡು ಹೋಗು’ ಅಂತ ಹೇಳುತ್ತಾ ಬಂದವರು ನಾವೇ. ಆ ಮಾತಿನಲ್ಲಿ ‘ವರೆಗೂ’ ಇಲ್ಲ, ‘ಬಂದೆ’ಯೂ ಇಲ್ಲ. ಒಬ್ಬರೇ ತಾಳಬೇಕು, ಕೊನೆಯಿಲ್ಲದೆ ತಾಳಬೇಕು. ಆ ವಾಕ್ಯ ಕೇಳಿದರೆ ಅರ್ಥವಾಗಲಿ ಅಂತ ಹೇಳಿಕೊಡುತ್ತೇನೆ, ಅಭ್ಯಾಸಕ್ಕೆ ಕೊಡಲ್ಲ. ‘ತಾಳಿದವನು ಬಾಳಿಯಾನು’ ಗಾದೆಯನ್ನೂ ಇದಾದ ಮೇಲೇ ತೆಗೆಯುತ್ತೇನೆ. ‘ಬಾಳಿಯಾನು’ ಅಂದರೆ ಬಾಳುತ್ತಾನೆ ಅನ್ನೋ ಖಾತ್ರಿಯಲ್ಲ, ಬಾಳಬಹುದು ಅಂತ ಮಾತ್ರ. ವ್ಯಾಕರಣದ ಈ ಸಣ್ಣ ಅಳತೆ ಗೊತ್ತಿದ್ದರೆ ಗಾದೆಯನ್ನು ಯಾರ ಮೇಲೂ ಹೇರೋಕೆ ಮನಸ್ಸು ಬರಲ್ಲ.

ಕೊನೆಗೆ ಜನರನ್ನು ಬಿಟ್ಟು ವಸ್ತುಗಳ ಕಡೆ ಹೋಗುತ್ತೇವೆ. ಇಲ್ಲಿ ‘ತಾಳು’ ಇನ್ನೂ ಗಟ್ಟಿಯಾಗಿದೆ. ‘ರಾಗಿ ಬರ ತಾಳುತ್ತೆ, ನೀರು ನಿಂತರೆ ತಾಳಲ್ಲ.’ ‘ಈ ಚಪ್ಪಲಿ ಮಳೆಗಾಲ ತಾಳುತ್ತಾ?’ ‘ಈ ಹಗ್ಗ ಎಷ್ಟು ಭಾರ ತಾಳುತ್ತೆ?’ ಮನೆಗೆಲಸ ಅಂತ ನಾನು ಕೊಡುವುದು ಇಷ್ಟೇ: ಅಂಗಡಿಗೆ ಹೋಗಿ ಒಂದು ವಸ್ತು ಹಿಡಿದು, ಅದು ಎಷ್ಟು ದಿನ ತಾಳುತ್ತೆ ಅಂತ ಕೇಳಿ, ಅಂಗಡಿಯವರ ಉತ್ತರವನ್ನು ಅವರ ಮಾತಿನಲ್ಲೇ ಬರೆದು ತನ್ನಿ. ನರ್ಸ್ ತಂದ ಉತ್ತರ ಒಂದು ಕೊಡೆ ಅಂಗಡಿಯದು: ‘ಬೆಂಗಳೂರು ಮಳೆ ತಾಳುತ್ತಮ್ಮಾ, ನಿಮ್ಮೂರಿಂದು ಗ್ಯಾರಂಟಿ ಇಲ್ಲ.’