ಕೂರುವ ಜಾಗದಿಂದ ಶುರುವಾದ ನಮ್ಮೂರ ನಡಿಗೆ

ದುಡ್ಡು ಕೊಟ್ಟು ಬರುವ ಕುಟುಂಬಗಳನ್ನು ನಡೆಸಿಕೊಂಡು ಹೋಗಿ ಊರು ತೋರಿಸುವುದು, ಅದೇ ನಮ್ಮೂರ ನಡಿಗೆ. ಕಳೆದ ಚಳಿಗಾಲದಲ್ಲಿ ಅದಕ್ಕೆ ಹೆಚ್ಚುಕಮ್ಮಿ 90 ಕುಟುಂಬ ಬಂದುಹೋದವು. ಹೆಚ್ಚುಕಮ್ಮಿ ಅಂದೆ, ಯಾಕೆಂದರೆ ಲೆಕ್ಕದ ಪುಸ್ತಕ ಹೆಂಡತಿಯ ಹತ್ತಿರ ಇದೆ, ನಾನು ನೆನಪಿನಿಂದ ಬರೆಯುತ್ತಿದ್ದೇನೆ. ಮೂರು ವರ್ಷದ ಹಿಂದೆ ಸೊಸೈಟಿ ಕಟ್ಟೆಯ ಮೇಲೆ ನಾಲ್ಕು ಜನರ ಎದುರು "ನಮ್ಮೂರಲ್ಲಿ ಎಂತ ಇದೆ ಮಾರಾಯ? ಪಾಚಿ ಹಿಡಿದ ಗೋಡೆ ನೋಡೋಕೆ ಯಾರು ದುಡ್ಡು ಕೊಟ್ಟು ಬರ್ತಾರೆ?" ಎಂದು ನಕ್ಕಿದ್ದ ಆಚೆಮನೆ ಭಾವ ಈಗ ತಮ್ಮ ಜಗಲಿಗೆ ಎರಡು ಹೊಸ ಬೆಂಚು ಹಾಕಿಸಿದ್ದಾರೆ. ನಾನು ಏನೂ ಹೇಳಲಿಲ್ಲ. ಬೆಂಚಿನ ಮೇಲೆ ಕೂತು ಒಂದು ಲೋಟ ಕಷಾಯ ಕುಡಿದು ಬಂದೆ.

ನಮ್ಮೂರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಕವಲೇದುರ್ಗದ ಕೋಟೆಗೆ ಹೋಗುವವರು ದಾರಿ ತಪ್ಪಿದರೆ ಸಿಗುವ ಊರು. ಹತ್ತು ಹನ್ನೆರಡು ಮನೆ, ಅಡಿಕೆ ತೋಟ, ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಮೊದಲ ವರ್ಷ ನಾನು ಮಾಡಿದ ತಪ್ಪು, ಇಂಥ ನಡಿಗೆ ಮಾಡಿಸುವವರಾದರೆ ನೀವೂ ಮಾಡಿರುತ್ತೀರಿ: ತೋರಿಸಬೇಕಾದ್ದನ್ನೆಲ್ಲ ಪಟ್ಟಿ ಮಾಡಿ, ಒಂದಕ್ಕೊಂದು ಗೆರೆ ಎಳೆದು ದಾರಿ ಮಾಡಿದ್ದು. ಐದು ಕಿಲೋಮೀಟರ್ ಚಿಲ್ಲರೆ ಆಯಿತು. ಕೊನೆಗೆ ಬೆಟ್ಟದ ನೆತ್ತಿ, ಅಲ್ಲಿಂದ ನೋಟ. ಮೊದಲ ಕುಟುಂಬದಲ್ಲಿ ಅಜ್ಜಿ, ಅಪ್ಪ, ಅಮ್ಮ, ಎರಡು ಮಕ್ಕಳು. ಅಜ್ಜಿ ಸೊಪ್ಪಿನ ಬೆಟ್ಟದ ಬುಡದಲ್ಲೇ ಕೂತುಬಿಟ್ಟರು. ಚಿಕ್ಕದು ಎತ್ತಿಕೋ ಅಂತ ಅಳು. ಅಪ್ಪನೂ ದೊಡ್ಡ ಹುಡುಗನೂ ಮಾತ್ರ ನನ್ನ ಜೊತೆ ಮೇಲೆ ಬಂದರು, ಬಂದು ಐದು ನಿಮಿಷಕ್ಕೆ ಕೆಳಗೆ ಬಿಟ್ಟುಬಂದವರ ಚಿಂತೆ. ನೋಟ ನೋಡಿದ್ದು ನಾನೊಬ್ಬನೇ. ಅಜ್ಜಿಯನ್ನು ಜೀಪಿನಲ್ಲಿ ಕರೆತಂದೆ, 300 ರೂಪಾಯಿ ನನ್ನ ಕೈಯಿಂದ ಹೋಯಿತು. ಆ ದಿನ ನನಗೆ ಸಿಕ್ಕಿದ್ದು 500.

ಆದರೆ ಹೊರಡುವಾಗ ಆ ಅಜ್ಜಿ ಹೇಳಿದ ಮಾತೇ ಎಲ್ಲವನ್ನೂ ತಿರುಗಿಸಿತು. "ಆ ಅಬ್ಬಿ ನೀರಿನ ಹತ್ತಿರ ಕೂತಿದ್ದೆನಲ್ಲ ತಮ್ಮಾ, ಅಲ್ಲಿ ಇನ್ನೊಂದು ತಾಸು ಬೇಕಾದರೂ ಕೂರುತ್ತಿದ್ದೆ." ಅಬ್ಬಿ ಅಂದರೆ ಬೆಟ್ಟದಿಂದ ತಾನಾಗಿ ಹರಿದು ಬರುವ ನೀರು. ಆಮೇಲೆ ಎರಡು ತಿಂಗಳು ನಾನು ಊರಲ್ಲಿ ಒಂದೇ ಕೆಲಸ ಮಾಡಿದೆ: ಎಲ್ಲೆಲ್ಲಿ ಕೂರಬಹುದು ಎಂದು ನೋಡುವುದು. ಜಗಲಿ, ಅಶ್ವತ್ಥ ಕಟ್ಟೆ, ಕೆರೆಯ ಮೆಟ್ಟಿಲು, ಸಂಕದ (ಹಳ್ಳ ದಾಟುವ ಕಾಲುಸೇತುವೆಯ) ಪಕ್ಕದ ಬಂಡೆ. ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಅಂತಲೂ ಬರೆದಿಟ್ಟೆ. ಒಂದು ಕೂರುವ ಜಾಗದಿಂದ ಇನ್ನೊಂದಕ್ಕೆ 300 ಮೀಟರ್‌ಗಿಂತ ಹೆಚ್ಚಿಲ್ಲದಂತೆ ದಾರಿ ಕಟ್ಟಿದೆ. ಒಟ್ಟು ಎರಡು ಕಿಲೋಮೀಟರ್, ಏಳು ಕಡೆ ಕೂರುವುದು. ನೋಡುವ ವಸ್ತು ಆಮೇಲೆ ತಾನಾಗಿ ಸಿಕ್ಕಿತು. ಹಳಬರು ಕಟ್ಟೆ ಕಟ್ಟಿದ್ದೇ ನೋಡಬೇಕಾದ ಜಾಗದಲ್ಲಿ.

ಬೋರ್ಡಿನ ಕತೆ ಹೇಳದಿದ್ದರೆ ನನಗೇ ಸಮಾಧಾನ ಇಲ್ಲ. 11 ಫ್ಲೆಕ್ಸ್ ಬೋರ್ಡ್, ಕಬ್ಬಿಣದ ಚೌಕಟ್ಟು, ಸಾಗಾಣಿಕೆ ಎಲ್ಲ ಸೇರಿ 14,000 ಹತ್ತಿರ. ಒಂದು ಮಳೆಗಾಲ, ಅಷ್ಟೇ. ಅಕ್ಷರದ ಮೇಲೆ ಪಾಚಿ, ಚೌಕಟ್ಟಿಗೆ ತುಕ್ಕು, ಉಳಿದದ್ದನ್ನು ಮಂಗ ಹರಿಯಿತು. ಒಂದು ಬೋರ್ಡನ್ನು ಯಾರೋ ಸೌದೆ ರಾಶಿಗೆ ಹೊದೆಸಿದ್ದರು, ಅದೊಂದೇ ಸದುಪಯೋಗ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಕೇಳುವ ವ್ಯವಸ್ಥೆ ಮಾಡಿಕೊಡುತ್ತೇನೆ ಎಂದು ಒಬ್ಬ ಹುಡುಗ ಬಂದಿದ್ದ. ಸಿಗ್ನಲ್ ಸಿಗಬೇಕಾದರೆ ತೋಟದ ಮೇಲಿನ ಮಣ್ಣಿನ ದರೆ ಹತ್ತಬೇಕಾದ ಊರಿನಲ್ಲಿ! ಅದಕ್ಕೆ 4,000 ಮುಂಗಡ ಕೊಟ್ಟ ನನ್ನ ಬುದ್ಧಿಗೆ ಇಷ್ಟು ಸಾಕು.

ಈಗ ಬೋರ್ಡೇ ಇಲ್ಲ. ಅಕ್ಕನ ಮಗಳು ಬರೆದುಕೊಟ್ಟ ಒಂದು ಹಾಳೆ ಇದೆ, ಅದರಲ್ಲಿ ಒಂಬತ್ತು ಚಿತ್ರ, ಹೆಸರಿಲ್ಲ. ಮುಂಡಿಗೆಯ (ಮನೆಯ ಮರದ ಕಂಬದ) ಮೇಲಿನ ಗಿಳಿ, ಹೆಬ್ಬಾಗಿಲ ಚಿಲಕ, ಮೆಟ್ಟುಗತ್ತಿ, ಬಳೆ ತೊಟ್ಟ ಕೈ, ಹೀಗೆ. ಮಕ್ಕಳು ಹುಡುಕಿ ಗುರುತು ಹಾಕಬೇಕು. ಜೆರಾಕ್ಸ್ ಖರ್ಚು ಎರಡು ರೂಪಾಯಿ. ಒಂಬತ್ತನೆಯ ಚಿತ್ರ ಏನು ಅಂತ ಇಲ್ಲಿ ಬರೆಯುವುದಿಲ್ಲ. ಬಂದವರಲ್ಲಿ ಅರ್ಧ ಜನ ಅದು ಸಿಗದೆ ಎರಡನೆಯ ಸಲ ಬಂದಿದ್ದಾರೆ.

ಬಳೆ ತೊಟ್ಟ ಕೈ ಅಂದರೆ ಮಾಸ್ತಿಕಲ್ಲು, ಸತಿ ಹೋದವಳ ನೆನಪಿಗೆ ನಿಲ್ಲಿಸಿದ ಕಲ್ಲು. ಅದರ ಪಕ್ಕದಲ್ಲೇ ಕಾಳಗದಲ್ಲಿ ಸತ್ತವನ ನೆನಪಿನ ವೀರಗಲ್ಲು ಇದೆ, ಮೂರು ಅಂಕಣದ್ದು. ಮೊದಮೊದಲು ನಾನು ಮೇಲಿನಿಂದ ವಿವರಿಸುತ್ತಿದ್ದೆ, ಮಕ್ಕಳು ಆಕಳಿಸುತ್ತಿದ್ದರು. ಈಗ "ಕೆಳಗಿನಿಂದ ಓದು" ಅಂತ ಮಾತ್ರ ಹೇಳುತ್ತೇನೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಎದುರು ಕೈಮುಗಿದು ಕೂತದ್ದು, ಅದರ ಮೇಲೆ ಸೂರ್ಯ ಚಂದ್ರ. ಏಳು ವರ್ಷದ ಹುಡುಗಿಯೊಬ್ಬಳು ತಾನೇ ಪೂರ್ತಿ ಕತೆ ಹೇಳಿ ಮುಗಿಸಿ, "ಹಾಗಾದರೆ ಇವನ ದನ ಸಿಕ್ಕಿತಾ?" ಅಂದಳು. ಕೆಳಗಿನ ಅಂಕಣದ ಮೂಲೆಯಲ್ಲಿ ಎರಡು ದನ ಇರುವುದು ನಾನು ಗಮನಿಸಿದ್ದೇ ಆವತ್ತು.

ಆ ಕಲ್ಲಿನ ಪಟ್ಟಿಯಲ್ಲಿ ನಾಲ್ಕು ಸಾಲು ಅಕ್ಷರ ಇದೆ, ಸವೆದದ್ದು. ತೀರ್ಥಹಳ್ಳಿ, ನಗರ, ಸಾಗರ, ಸೊರಬ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ತಮ್ಮ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟದಲ್ಲಿ 1904ರಲ್ಲೇ ಅಚ್ಚು ಹಾಕಿಸಿದ್ದಾರೆ. ನಿಮ್ಮ ಊರಿನ ಕಲ್ಲು ಅದರಲ್ಲಿ ಇದೆಯೇ ಅಂತ ಮೊದಲು ನೋಡಿ, ಆಮೇಲೆ ಬಾಯಿ ಬಿಡಿ. ಅಕ್ಷರ ಕಾಣಲಿ ಅಂತ ನಾನೊಮ್ಮೆ ಅಕ್ಕಿಹಿಟ್ಟು ಉಜ್ಜಿದೆ. ಅರ್ಧ ಗಂಟೆಯಲ್ಲಿ ಇರುವೆ ಸಾಲು, ಕಲ್ಲಿಗೂ ಒಳ್ಳೆಯದಲ್ಲ. ಟಾರ್ಚನ್ನು ಎದುರಿಗೆ ಹಿಡಿಯಬೇಡಿ, ಕಲ್ಲಿನ ಅಂಚಿಗೆ ತಾಗಿಸಿ ಅಡ್ಡಲಾಗಿ ಬಿಡಿ. ಕಟ್ಟೆ ಮೇಲೆ ಏನೂ ಇಲ್ಲದಂತೆ ಕಾಣುತ್ತಿದ್ದ ಕಲ್ಲಿನಲ್ಲಿ ಅಕ್ಷರ ಒಂದೊಂದಾಗಿ ಏಳುತ್ತವೆ. ಮೋಡದ ದಿನ ಕೊಡೆ ಅಡ್ಡ ಹಿಡಿದರೆ ಇನ್ನೂ ಚೆನ್ನ. ಇಷ್ಟಕ್ಕೆ ದೊಡ್ಡವರೂ ಮಂಡಿಯೂರಿ ಕೂರುತ್ತಾರೆ.

ಸುಳ್ಳು ಕತೆ ಮಾತ್ರ ನಾನು ಹೇಳುವುದಿಲ್ಲ. ನಮ್ಮ ಕಡೆ ಊರಿಗೊಂದು ಕೆಳದಿ ಚೆನ್ನಮ್ಮನ ಸುರಂಗ ಇರುತ್ತದೆ, ಎಲ್ಲವೂ ಕೆಳದಿ ಅರಸರ ರಾಜಧಾನಿ ಬಿದನೂರಿಗೇ ಹೋಗುತ್ತವೆ. ಹೈದರಾಲಿ 1763ರಲ್ಲಿ ಬಿದನೂರು ಹಿಡಿದಾಗ ಇಷ್ಟು ಸುರಂಗ ಇದ್ದಿದ್ದರೆ ಅವನಿಗೆ ಅಲ್ಲಿ ಒಬ್ಬರೂ ಸಿಗುತ್ತಿರಲಿಲ್ಲ. ಸುರಂಗ ಇಲ್ಲ ಅಂದರೆ ಜನಕ್ಕೆ ಬೇಸರ ಆಗುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ, ಸುರಂಗದ ಬದಲು ಒಂದು ಹೆಂಚೇ ಸಾಕಾಯಿತು. ಕೊಟ್ಟಿಗೆ ಹಿಂದೆ ಬಿದ್ದಿದ್ದ ಹಳೆಯ ಮಂಗಳೂರು ಹೆಂಚನ್ನು ತಿರುವಿ ಮಕ್ಕಳ ಕೈಗೆ ಕೊಡುತ್ತೇನೆ, ಬೆನ್ನ ಮೇಲಿನ ಅಕ್ಷರ ಓದಲಿಕ್ಕೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದು ಘಟ್ಟ ಹತ್ತಿ ಬರುವ ಮೊದಲು ಈ ಮನೆಗೆ ಹುಲ್ಲಿನ ಮಾಡು ಎಂದರೆ ಅಟ್ಟದ ಹೊಗೆ, ಬೆಂಕಿ ಹೆದರಿಕೆ, ವರ್ಷ ವರ್ಷ ಹೊದಿಕೆ ಎಲ್ಲ ಮಾತಿಗೆ ಬರುತ್ತದೆ.

ಇನ್ನೊಂದು ವಸ್ತು ಅಟ್ಟದಿಂದ ಇಳಿಸಿದ್ದು: ಕೊಟ್ಟೆ. ಮದ್ದು ಹೊಡೆಯುವುದು ಬರುವ ಮೊದಲು ಕೊಳೆರೋಗಕ್ಕೆ ಅಡಿಕೆ ಗೊನೆಗೆ ಕಟ್ಟುತ್ತಿದ್ದ ಹುಲ್ಲಿನ ಹೊದಿಕೆ. ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಸಾಹೇಬರು ಕೊಳೆರೋಗದ ಬಗ್ಗೆ 1910ರಲ್ಲಿ ಬರೆದು ಬೋರ್ಡೋ ದ್ರಾವಣ ಹೊಡೆಯುವ ದಾರಿ ತೋರಿಸಿದರು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಅದನ್ನೇ ಇವತ್ತಿಗೂ ಹೊಡೆಯುತ್ತಿದ್ದೇವೆ. ಕೊಟ್ಟೆಯನ್ನು ಮಕ್ಕಳು ಟೊಪ್ಪಿ ಮಾಡಿಕೊಳ್ಳುತ್ತಾರೆ. ಹೋದ ವರ್ಷ ಹೊಸತೊಂದು ಹೆಣೆಸೋಣ ಅಂತ ಹೊರಟೆ. ಊರಿನಲ್ಲಿ ಕೈ ಗೊತ್ತಿದ್ದವರು ಒಬ್ಬರೇ ಅಜ್ಜ, ಅವರಿಗೆ ಕಣ್ಣು ಮಂಜು. ನಾನು ಹುಲ್ಲು ಕೊಡುತ್ತಾ ಹೋದೆ, ಅವರು ಬೆರಳಲ್ಲೇ ಹೆಣೆದರು. ಮೂರು ದಿನಕ್ಕೆ ಒಂದೂವರೆ ಆಯಿತು. ಅರ್ಧದ್ದನ್ನು ಹಾಗೇ ಇಟ್ಟಿದ್ದೇನೆ. ಪೂರ್ತಿಯಾದದ್ದಕ್ಕಿಂತ ಜನ ಅದನ್ನೇ ಹೆಚ್ಚು ಹೊತ್ತು ನೋಡುತ್ತಾರೆ.

ಅಬ್ಬಿ ನೀರಿಗೆ ಪೈಪು ತೆಗೆದು ಸುಮಾರು 30 ಮೀಟರ್ ಅಡಿಕೆ ಮರ ಸೀಳಿದ ದಬ್ಬೆ ಹಾಕಿದಾಗ ಮನೆಯಲ್ಲೇ ಬೈದರು. ದಬ್ಬೆ ಎರಡು ವರ್ಷ ಬಾಳುವುದಿಲ್ಲ, ನಿಜ. ಆದರೆ ಬಿದ್ದ ಮರ ಸೀಳಿದರೆ ಖರ್ಚಿಲ್ಲ, ಪೈಪಿನಲ್ಲಿ ಎಲೆ ದೋಣಿ ಬಿಡಲಿಕ್ಕೂ ಆಗುವುದಿಲ್ಲ. ಮೇಲೆ ಬಿಟ್ಟ ಹಲಸಿನ ಎಲೆ ಕೆಳಗಿನ ಹಂಡೆಗೆ ಬಂದು ಬೀಳುವವರೆಗೆ ಮಕ್ಕಳು ಪಕ್ಕದಲ್ಲಿ ಓಡುತ್ತಾರೆ. ಅಷ್ಟರಲ್ಲಿ ಅಜ್ಜ ಅಜ್ಜಿಯರಿಗೆ 20 ನಿಮಿಷ ಕೂರಲಿಕ್ಕೆ ಸಿಗುತ್ತದೆ.

ದುಡ್ಡಿನ ವಿಷಯ. ಮೊದಲು ತಲೆಗೆ 150 ಇಟ್ಟಿದ್ದೆ. ಅಜ್ಜಿಯನ್ನು ಕಾರಿನಲ್ಲೇ ಕೂರಿಸಿ ಬರುವವರು ಹುಟ್ಟಿಕೊಂಡರು. ಈಗ ಕುಟುಂಬಕ್ಕೆ 800, ಆರು ಜನದವರೆಗೆ. ಅಜ್ಜಿ ಬರುವುದೇ ಲಾಭ ಅನ್ನುವಂತೆ ಆಯಿತು. ಅದರಲ್ಲಿ ಜಗಲಿ ಕೊಡುವ ನಾಲ್ಕು ಮನೆಗೆ ತಲಾ 75, ಬೆಲ್ಲ ನೀರು, ಮಜ್ಜಿಗೆ, ಹಲಸಿನ ಹಪ್ಪಳಕ್ಕೆ 120 ಹೋಗುತ್ತದೆ. ಕೈಯಲ್ಲಿ 380 ಉಳಿಯುತ್ತದೆ. ಜಗಲಿಯ ದುಡ್ಡನ್ನು ಆವತ್ತೇ ಸಂಜೆ ಕೊಡಿ. ತಿಂಗಳಿಗೊಮ್ಮೆ ಕೊಡುತ್ತೇನೆ ಅಂದಾಗ ಒಂದು ಮನೆಯವರು ಬಾಗಿಲು ಹಾಕಿಕೊಂಡರು, ಮತ್ತೆ ತೆಗೆಸಲಿಕ್ಕೆ ಒಂದು ಬೇಸಿಗೆ ಹಿಡಿಯಿತು. ಎಲ್ಲ ಸೇರಿ ಕಳೆದುಕೊಂಡದ್ದು 40,000ದ ಹತ್ತಿರ. ಹೋದ ವರ್ಷಕ್ಕೆ ಲೆಕ್ಕ ಸಮ ಆಯಿತು.

ದೊಡ್ಡ ಗುಂಪು ಬೇಡವೇ ಬೇಡ. ಒಬ್ಬ ಪ್ರವಾಸ ಏಜೆಂಟರು ಬಸ್ಸಿನಲ್ಲಿ 42 ಜನರನ್ನು ತಂದು ಇಳಿಸಿದರು. ಹಿಂದಿನವರಿಗೆ ಮಾತು ಕೇಳಲಿಲ್ಲ, ಸಗಣಿ ಸಾರಿಸಿದ ಜಗಲಿ ಎದ್ದುಹೋಯಿತು, ನಾಲ್ಕು ಜನ ಚಪ್ಪಲಿ ಹಾಕಿಕೊಂಡೇ ನಾಗಬನಕ್ಕೆ ನುಗ್ಗಿದರು. ಅರ್ಧ ದುಡ್ಡು ಬಂತು, ಉಳಿದರ್ಧ ಇವತ್ತಿಗೂ "ನಾಳೆ ಹಾಕ್ತೇನೆ". ಬನಕ್ಕೆ ತಪ್ಪುಕಾಣಿಕೆ ಇಟ್ಟದ್ದು ನಾನು. ಈಗ ಬನದಿಂದ 20 ಹೆಜ್ಜೆ ದೂರದಲ್ಲೇ ನಿಲ್ಲುತ್ತೇವೆ. ಅಲ್ಲಿ ಮಕ್ಕಳನ್ನು ಎರಡು ನಿಮಿಷ ಪೂರ್ತಿ ಸುಮ್ಮನಾಗಿಸುವ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಮಳೆಗಾಲದಲ್ಲೂ ಒಮ್ಮೆ ಮಾಡಿ ನೋಡಿದೆ, ಆಗಸ್ಟ್‌ನಲ್ಲಿ. ಉಂಬಳ ಅಂದರೆ ಜಿಗಣೆ ಹತ್ತದಿರಲಿ ಅಂತ ಸುಣ್ಣ, ಹೊಗೆಸೊಪ್ಪು, ಉಪ್ಪಿನ ಗಂಟು ಎಲ್ಲ ಇತ್ತು. ಉಂಬಳ ಅದಕ್ಕೆಲ್ಲ ಕೇರ್ ಮಾಡಲಿಲ್ಲ. ಸಂಕ ದಾಟುವುದರೊಳಗೆ ಬಂದ ಕುಟುಂಬದ ತಾಯಿಯ ಕಾಲಿನಿಂದ ನಾನೇ ಹದಿನೈದು ಕಿತ್ತೆ, ದುಡ್ಡು ವಾಪಸ್ ಕೊಟ್ಟೆ. ಈಗ ನವೆಂಬರ್ ಕೊನೆಯಿಂದ ಫೆಬ್ರುವರಿ ಮಾತ್ರ. ಅಡಿಕೆ ಸುಲಿಯುವ ಕಾಲವೂ ಅದೇ, ಅಡಿಕೆ ಬೇಯಿಸಿದ ಚೊಗರಿನ ವಾಸನೆಗೆ ಖರ್ಚಿಲ್ಲ.

ಈಗ ಇರುವ ತೊಂದರೆ ಒಂದೇ, ಆಚೆಮನೆ ಭಾವ. ಬೆಂಚು ಹಾಕಿಸಿದ ಮೇಲೆ ತಮ್ಮ ಅಜ್ಜನ ಕಾಲದ ಹುಲಿ ಕತೆ ಶುರು ಮಾಡಿದ್ದಾರೆ. ಡಿಸೆಂಬರ್‌ನಲ್ಲಿ ಹತ್ತು ನಿಮಿಷ ಇದ್ದದ್ದು ಫೆಬ್ರುವರಿ ಹೊತ್ತಿಗೆ 35 ಆಗಿದೆ, ಹುಲಿಯೂ ಎರಡಾಗಿದೆ. ಸುಳ್ಳು ಕತೆ ಹೇಳುವುದಿಲ್ಲ ಅಂದ ನಾನು ಪಕ್ಕದಲ್ಲೇ ಕೂತು ಮಜ್ಜಿಗೆ ಕುಡಿಯುತ್ತಿರುತ್ತೇನೆ. 75 ಬದಲು 100 ಕೊಡು ಅಂತ ಮೊನ್ನೆ ಕೇಳಿದರು, ಕೊಟ್ಟೆ.