ಟೆಸ್ಟ್ ಆದ ಊರಲ್ಲ, ಇರುವ ಊರು: ಮೂರು ಜಿಲ್ಲೆಯ ಎಚ್‌ಐವಿ ಲೆಕ್ಕ ಬಿಡಿಸಿದ್ದು

ಬಳ್ಳಾರಿ, ಕೊಪ್ಪಳ, ರಾಯಚೂರಿನ ಹೊಸ ಎಚ್‌ಐವಿ ಪ್ರಕರಣಗಳನ್ನು ತಾಲ್ಲೂಕುವಾರು ಬಿಡಿಸುತ್ತೇನೆ ಅಂದಾಗ ‘ಐಸಿಟಿಸಿ (ಎಚ್‌ಐವಿ ಟೆಸ್ಟ್ ಮತ್ತು ಆಪ್ತ ಸಮಾಲೋಚನೆ ಕೇಂದ್ರ) ವರದಿಯಲ್ಲಿ ಅದೇ ಇದೆಯಲ್ಲ’ ಅಂದವರೇ ಹೆಚ್ಚು. ವರದಿಯಲ್ಲಿರುವುದು ಟೆಸ್ಟ್ ಆದ ಜಾಗ. ಪರಿಚಯದವರ ಕಣ್ಣು ತಪ್ಪಿಸಲು ಕಾರಟಗಿಯವರು ಸಿಂಧನೂರಿಗೆ, ಕುರುಗೋಡಿನವರು ಬಳ್ಳಾರಿಗೆ ಹೋದರೆ, ದೊಡ್ಡಾಸ್ಪತ್ರೆ ಇರುವ ಊರಿನ ಅಂಕಿ ಉಬ್ಬುತ್ತದೆ, ಪಕ್ಕದ್ದು ಸೊರಗುತ್ತದೆ.

ಮೊದಲು ಪಿನ್‌ಕೋಡ್ ಹಿಡಿದೆ, ಕೆಟ್ಟಿತು. ಒಂದೇ ಪಿನ್ ಎರಡು ತಾಲ್ಲೂಕಿನ ಹಳ್ಳಿಗಳಿಗೆ ಹಬ್ಬಿರುತ್ತದೆ. ಆಧಾರ್ ವಿಳಾಸ ತೋರಣಗಲ್ಲಿನಲ್ಲಿ ಕೈಕೊಟ್ಟಿತು, ಕಾರ್ಖಾನೆ ಕಾರ್ಮಿಕರ ಕಾರ್ಡಿನಲ್ಲಿ ಹೊರರಾಜ್ಯದ ಊರು. ಕೊನೆಗೆ ನಿಂತದ್ದು ಕೌನ್ಸೆಲರ್ ಕೇಳಿ ಬರೆದ ‘ಈಗ ಇರುವ ಹಳ್ಳಿ’, ಅದಕ್ಕೆ 2011ರ ಜನಗಣತಿಯ ಹಳ್ಳಿ ಕೋಡ್.

ಪಾಸಿಟಿವ್ ಸಾಲುಗಳು ಕಡಿಮೆ, ಅವನ್ನು ಕೌನ್ಸೆಲರ್‌ಗಳೇ ಟೈಪಿಸಿದರು. ಎಷ್ಟು ಟೆಸ್ಟಿಗೆ ಎಷ್ಟು ಪಾಸಿಟಿವ್ ಅಂತ ತಿಳಿಯಲು ನೆಗೆಟಿವ್ ಸಾಲುಗಳೂ ಬೇಕು, ಆ ರಿಜಿಸ್ಟರ್ ಸಮುದ್ರ. ಪ್ರತಿ ಹತ್ತನೇ ಸಾಲು ಮಾತ್ರ ಎತ್ತಿ, ಹೆಸರು ಮುಚ್ಚಿ, ಊರಿನ ಕಾಲಂ ಟೈಪಿಂಗಿಗೆ ಕೊಟ್ಟೆ. ಸಾಲಿಗೆ ಎರಡು ರೂಪಾಯಿಯಂತೆ ಹದಿನೈದು ಸಾವಿರದ ಆಸುಪಾಸು ಹೋಯಿತು. ಮ್ಯಾಪ್ ಸಾಫ್ಟ್‌ವೇರಿಗೆ ನಲವತ್ತು ಸಾವಿರದ ಕೊಟೇಶನ್ ಬಂದಿತ್ತು. ಕ್ಯೂಜಿಐಎಸ್ ಪುಕ್ಕಟೆ, ಅದರಲ್ಲೇ ಮುಗಿಸಿದೆ.

ಒಬ್ಬರೇ ಎರಡು ಕಡೆ ಟೆಸ್ಟ್ ಮಾಡಿಸಿ ಎರಡು ಹೊಸ ಪ್ರಕರಣವಾಗುವುದು ದೊಡ್ಡ ತಲೆನೋವು. ಫೋನ್ ನಂಬರ್ ನಂಬಬೇಡಿ. ವಯಸ್ಸಿನಲ್ಲಿ ಎರಡು ವರ್ಷ ಹೆಚ್ಚುಕಡಿಮೆ ಬಿಟ್ಟು, ಲಿಂಗ, ಹಳ್ಳಿ, ಹೆಸರಿನ ಧ್ವನಿ ಹೊಂದಿಸಿ. ಹುಲಿಗೆಮ್ಮ, ಹುಲಿಗೆವ್ವ, ಹುಲಗಮ್ಮ ಕಂಪ್ಯೂಟರಿಗೆ ಮೂವರು. ನಮ್ಮ ಕಡೆಯ ಹೆಸರುಗಳಿಗೆ ನಾನು ಮಾಡಿಕೊಂಡ ಧ್ವನಿ ಕೋಡ್ ಪಟ್ಟಿ ಮಾತ್ರ ಇಲ್ಲಿ ಹಾಕುವುದಿಲ್ಲ, ಎರಡು ಬೇಸಿಗೆ ತಿಂದಿದೆ ಅದು.

ನೂರು ಟೆಸ್ಟಿಗೆ ಎಷ್ಟು ಪಾಸಿಟಿವ್ ಎಂಬ ದರ ತೆಗೆಯುವಾಗ ಗರ್ಭಿಣಿಯರ ಟೆಸ್ಟ್, ಸಾಮಾನ್ಯರದ್ದು, ಪಾಸಿಟಿವ್ ಆದವರ ಸಂಗಾತಿ-ಮಕ್ಕಳದ್ದು ಮೂರೂ ಬೇರೆ ಬೇರೆ ಇಡಿ. ಟೆಸ್ಟ್ ಕ್ಯಾಂಪ್ ಹೆಚ್ಚಾದ ವರ್ಷ ಛೇದ, ಅಂದರೆ ಟೆಸ್ಟ್ ಸಂಖ್ಯೆ, ಉಬ್ಬಿ ದರ ಇಳಿಯುತ್ತದೆ, ಸೋಂಕು ಇಳಿದದ್ದಲ್ಲ. 2020ರ ಲಾಕ್‌ಡೌನಿನಲ್ಲಿ ಟೆಸ್ಟೇ ಕಡಿಮೆಯಾಗಿ ಪ್ರಕರಣ ಇಳಿದದ್ದನ್ನು ಸಾಧನೆ ಅಂತ ಸ್ಲೈಡಿಗೆ ಹಾಕಿದ್ದನ್ನೂ ನೋಡಿದ್ದೇನೆ! ಪತ್ತೆ ಏರಿದ ತಾಲ್ಲೂಕಿನಲ್ಲಿ ಮೊದಲ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ನೋಡಿ. ಬಹುಪಾಲು 200ಕ್ಕಿಂತ ಕೆಳಗಿದ್ದರೆ ಹಳೇ ಸೋಂಕು ಈಗ ಸಿಕ್ಕಿದೆ ಅಂತ.

ಗಡಿಯ ಗೋಜಲು ಬಳ್ಳಾರಿಯದ್ದು. ಹರಪನಹಳ್ಳಿ 2018ರಲ್ಲಿ ದಾವಣಗೆರೆಯಿಂದ ಬಂತು, 2021ರಲ್ಲಿ ಹೊಸಪೇಟೆ, ಕೂಡ್ಲಿಗಿಗಳ ಜೊತೆ ವಿಜಯನಗರಕ್ಕೆ ಹೋಯಿತು. ಜನಗಣತಿಯ ಬಳ್ಳಾರಿ 24.5 ಲಕ್ಷದಲ್ಲಿ ಹೊಸಪೇಟೆ ಇದೆ, ಹರಪನಹಳ್ಳಿ ಇಲ್ಲ. ಈಗಿನ ಜಿಲ್ಲೆಯ ಪ್ರಕರಣಗಳನ್ನು ಆ ಅಂಕಿಯಿಂದ ಭಾಗಿಸಿದರೆ ಜನಸಂಖ್ಯೆಯ ಲೆಕ್ಕದ ದರ ಸುಳ್ಳೇ ಕಡಿಮೆ ಬರುತ್ತದೆ. ಹಳೇ ವರ್ಷಗಳನ್ನೂ ಈಗಿನ ಗಡಿಗೇ ಕೂಡಿಸಿ. ಜನಗಣತಿಯ ನಂತರ ಆದ ತಾಲ್ಲೂಕುಗಳು, ಕುಕನೂರು, ಕನಕಗಿರಿ, ಮಸ್ಕಿ, ಸಿರವಾರಕ್ಕೂ ಹಳ್ಳಿ ಕೋಡಿನಿಂದಲೇ ಜನಸಂಖ್ಯೆ ಕಟ್ಟಬೇಕು.

ಗುಳೆ ಹೋದವರು ಯುಗಾದಿಗೆ ಮರಳುವ ಪರಿಣಾಮ ಕಂಡೀತೆಂದು ತಿಂಗಳುವಾರು ಹಾಕಿ ನೋಡಿದೆ. ತಿಂಗಳಿಗೆ ಬೆರಳೆಣಿಕೆ ಪ್ರಕರಣ, ಗೆರೆ ಸುಮ್ಮನೆ ಕುಣಿಯಿತು. ಸಣ್ಣ ತಾಲ್ಲೂಕಿಗೆ ಮೂರು ವರ್ಷ ಒಟ್ಟಿಗೆ ಸೇರಿಸಿ. ಐದಕ್ಕಿಂತ ಕಡಿಮೆ ಇದ್ದ ಕಡೆ ಅಂಕಿ ಹಾಕದೆ ಗೀಟು ಹಾಕಿ, ಹಳ್ಳಿ ಮಟ್ಟದ ಮ್ಯಾಪ್ ಕಚೇರಿ ದಾಟಬಾರದು. ಸೋಂಕಿತರ ಗುರುತು ಗುಟ್ಟಾಗಿಡಬೇಕು ಎನ್ನುವ 2017ರ ಎಚ್‌ಐವಿ ಕಾಯ್ದೆ ಗೊತ್ತಲ್ಲ.